ಕಲ್ಲಾದ ಸಕ್ಕರೆ: ಪುಡಿ ಮಾಡುವುದೋ, ಶರಬತ್ತು ಮಾಡುವುದೋ, ಜೇನಿಗೆ ಇಡುವುದೋ?

ಮೊದಲೇ ಹೇಳಿಬಿಡುತ್ತೇನೆ. ಮಳೆಗಾಲದಲ್ಲಿ ಸಕ್ಕರೆ ಕಲ್ಲಾಗಿದೆ, ಮನೆಯಲ್ಲಿ ಜೇನು ಪೆಟ್ಟಿಗೆ ಇದೆ ಅಂದರೆ ಬೇರೆ ಯೋಚನೆಯೇ ಬೇಡ. ಕರಗಿಸಿ ಜೇನುನೊಣಗಳಿಗೆ ಊಟವಾಗಿ ಇಡಿ. ಪೆಟ್ಟಿಗೆ ಇಲ್ಲದವರು ಶುಂಠಿ ನಿಂಬೆ ಹಾಕಿ ಪಾಕ ಮಾಡಿಟ್ಟುಕೊಳ್ಳಿ. ಒಡೆದು ಪುಡಿ ಮಾಡಲು ಮಾತ್ರ ಹೋಗಬೇಡಿ. ನಾನು ಹೋಗಿ ಒಂದು ವಾರ ಕಳೆದುಕೊಂಡೆ.

ನಮ್ಮದು ಸುಳ್ಯದ ಕಡೆ ಅಡಿಕೆ ತೋಟದ ಮನೆ. ಏಪ್ರಿಲ್ ಕೊನೆಗೆ ಹೊಸ ಮನೆ ಒಕ್ಕಲಿಗೆ 50 ಕಿಲೋದ ಒಂದು ಚೀಲ ಸಕ್ಕರೆ ತಂದಿದ್ದೆವು. ಕಡಿಮೆ ಬೀಳಬಾರದು ಅಂತ ಜಾಸ್ತಿ ತಂದದ್ದು. ಹೋಳಿಗೆ, ಪಾಯಸ, ಕಾಫಿ ಎಲ್ಲ ಆಗಿ 14 ಕಿಲೋ ಉಳಿಯಿತು. ಚೀಲದ ಬಾಯಿ ಕಟ್ಟಿ ಉಗ್ರಾಣದ ಮೂಲೆಯಲ್ಲಿ ಇಟ್ಟೆವು. ಹೊಸ ಸಿಮೆಂಟಿನ ನೆಲ, ಹೊಸ ಗೋಡೆ. ಅದರ ತೇವ ಇನ್ನೂ ಆರಿಲ್ಲ ಅನ್ನುವುದು ಆಗ ತಲೆಗೆ ಹೋಗಲಿಲ್ಲ. ಜೂನ್ ಎರಡನೇ ವಾರ, ಮಳೆ ಹಿಡಿದ ಮೇಲೆ, ಸಕ್ಕರೆ ತೆಗೆಯಲು ಹೋದರೆ ಚಮಚ ಒಳಗೆ ಇಳಿಯಲಿಲ್ಲ. ಚೀಲವನ್ನು ಎತ್ತಿ ಕೆಳಗೆ ಬಿಟ್ಟರೆ ಧಪ್ಪಂತ ಕಲ್ಲು ಬಿದ್ದ ಸದ್ದು.

ಕಿಲೋಗೆ 44 ರೂಪಾಯಿ ಲೆಕ್ಕ ಹಿಡಿದರೆ 616 ರೂಪಾಯಿಯ ಮಾಲು. ಎಸೆಯುವ ಹಾಗಿಲ್ಲ. ಎಸೆಯಬೇಕಾಗಿಯೂ ಇಲ್ಲ. ಗಟ್ಟಿಯಾದ ಸಕ್ಕರೆ ಕೆಟ್ಟ ಸಕ್ಕರೆ ಅಲ್ಲ. ಗಾಳಿಯ ತೇವ ಶೇಕಡ 85 ದಾಟಿದರೆ ಸಕ್ಕರೆ ತಾನಾಗಿಯೇ ನೀರು ಎಳೆದುಕೊಳ್ಳುತ್ತದೆ. ಪ್ರತಿ ಹರಳಿನ ಮೈ ಸ್ವಲ್ಪ ಕರಗುತ್ತದೆ. ಸ್ವಲ್ಪ ಒಣಗಿದಾಗ ಆ ಕರಗಿದ ಪದರವೇ ಅಂಟಾಗಿ ಪಕ್ಕದ ಹರಳನ್ನು ಹಿಡಿದುಕೊಳ್ಳುತ್ತದೆ. ಅಷ್ಟೇ ಆದದ್ದು. ಕಲ್ಲುಸಕ್ಕರೆ ಬೇರೆ, ಅದು ಪಾಕದಲ್ಲಿ ನಿಧಾನವಾಗಿ ಬೆಳೆದ ದೊಡ್ಡ ಹರಳು. ನಮ್ಮ ಉಗ್ರಾಣದಲ್ಲಿ ಇದ್ದದ್ದು ಬರೀ ಅಂಟಿಕೊಂಡ ಸಕ್ಕರೆ.

ಹಾಗಾದರೆ ಬಿಡಿಸಿದರೆ ಆಯಿತಲ್ಲ ಅಂತ ಅನ್ನಿಸುತ್ತದೆ, ಅಲ್ವಾ? ನನಗೂ ಹಾಗೇ ಅನ್ನಿಸಿತು.

ಮೊದಲು ಮಿಕ್ಸಿ. ಕತ್ತಿಯ ಹಿಂಬದಿಯಿಂದ ಕುಟ್ಟಿ ಅಡಿಕೆ ಗಾತ್ರದ ತುಂಡು ಮಾಡಿ ಜಾರಿಗೆ ಹಾಕಿದೆ. ಎರಡು ಸಲ ಚೆನ್ನಾಗಿ ಪುಡಿಯಾಯಿತು. ಮೂರನೆಯ ಸಲ ಒಂದು ತುಂಡು ಬ್ಲೇಡಿನ ಅಡಿಗೆ ಸಿಕ್ಕಿ ಮೋಟಾರು ಗುಂಯ್ ಅಂದಿತು, ಬ್ಲೇಡು ತಿರುಗಲಿಲ್ಲ. ಆಫ್ ಮಾಡುವಷ್ಟರಲ್ಲಿ ಸುಟ್ಟ ರಬ್ಬರಿನ ವಾಸನೆ. ಜಾರು ತೆಗೆದು ನೋಡಿದರೆ ಕೆಳಗಿನ ಕಪ್ಲರಿನ ಹಲ್ಲುಗಳು ಸವೆದು ನುಣ್ಣಗಾಗಿದ್ದವು. ಸುತ್ತ ಕಪ್ಪು ಪುಡಿ ಚೆಲ್ಲಿತ್ತು. ರಿಪೇರಿಗೆ 180 ರೂಪಾಯಿ, ಮೂರು ದಿನ ಮಿಕ್ಸಿ ಇಲ್ಲ. ಆ ಮೂರು ದಿನ ಚಟ್ನಿಯೂ ಇಲ್ಲ.

ಅದಾದರೂ ಹೋಗಲಿ. ಪುಡಿಯಾದ ಒಂದು ಕಿಲೋವನ್ನು ಸ್ಟೀಲಿನ ಡಬ್ಬಿಗೆ ಹಾಕಿ ಇಟ್ಟಿದ್ದೆ. ಮರುದಿನ ಬೆಳಿಗ್ಗೆ ಮುಚ್ಚಳ ತೆಗೆದರೆ ಡಬ್ಬಿಯ ಆಕಾರಕ್ಕೇ ಗಟ್ಟಿಯಾಗಿ ಕೂತಿದೆ. ಪುಡಿ ಸಣ್ಣದಾದಷ್ಟೂ ತೇವಕ್ಕೆ ಸಿಗುವ ಮೈ ಜಾಸ್ತಿ. ಮೊದಲೇ ಒಳಗಿದ್ದ ತೇವವನ್ನು ಆರಿಸದೆ ಡಬ್ಬಿಗೆ ತುಂಬಿದರೆ ಇನ್ನೇನಾಗುತ್ತದೆ? ಬೇಕರಿಯವರು ತರುವ ಸಕ್ಕರೆ ಪುಡಿಗೆ ಜೋಳದ ಪಿಷ್ಟ ಸೇರಿಸಿರುವುದು ಇದೇ ಕಾರಣಕ್ಕೆ.

ಸರಿ, ಒಣಗಿಸೋಣ ಅಂದರೆ ಬಿಸಿಲೆಲ್ಲಿ? ಬಚ್ಚಲು ಒಲೆಯ ಮೇಲಿನ ಅಟ್ಟದಲ್ಲಿ ಎರಡು ಕಿಲೋ ತುಂಡುಗಳನ್ನು ಬಟ್ಟೆ ಹಾಸಿ ಹರಡಿದೆ. ಎರಡೇ ದಿನದಲ್ಲಿ ಚೆನ್ನಾಗಿ ಒಣಗಿತು, ಕೈಯಲ್ಲಿ ಅದುಮಿದರೆ ಉದುರುತ್ತಿತ್ತು. ತುಂಬ ಖುಷಿಯಾಯಿತು. ಕಾಫಿಗೆ ಹಾಕಿ ಕುಡಿದಾಗ ಗೊತ್ತಾಯಿತು, ಸಕ್ಕರೆ ಪೂರ್ತಿ ಹೊಗೆ ಹಿಡಿದಿದೆ. ಕಾಫಿಯಲ್ಲಿ ಸೌದೆಯ ವಾಸನೆ. ಮನೆಗೆ ಬಂದವರಿಗೆ ಕೊಡುವ ಹಾಗಿಲ್ಲ. ಶುಂಠಿ, ಕಾಳುಮೆಣಸು ಹಾಕಿದ ಕಷಾಯಕ್ಕೆ ಮಾತ್ರ ನಡೆಯಿತು. ಆ ಎರಡು ಕಿಲೋ ಖಾಲಿಯಾಗಲು ಸೆಪ್ಟೆಂಬರ್ ಬಂತು.

ಅಮೆರಿಕದಲ್ಲಿರುವ ತಂಗಿ ಫೋನಿನಲ್ಲಿ ಇನ್ನೊಂದು ಉಪಾಯ ಹೇಳಿದಳು. ಡಬ್ಬಿಯೊಳಗೆ ಒಂದು ತುಂಡು ಬ್ರೆಡ್ ಇಡು, ರಾತ್ರಿ ಕಳೆಯುವಷ್ಟರಲ್ಲಿ ಮೆತ್ತಗಾಗುತ್ತದೆ ಅಂತ. ಮಾಡಿದೆ. ಬ್ರೆಡ್ ಇಟ್ಟ ಜಾಗದ ಸಕ್ಕರೆ ಒದ್ದೆಯಾಗಿ ಇನ್ನಷ್ಟು ಬಿಗಿಯಿತು. ಅವಳು ಹೇಳಿದ್ದು ಸುಳ್ಳಲ್ಲ, ಆದರೆ ಅದು ಅಲ್ಲಿಯವರು ಬಳಸುವ ಕಂದು ಸಕ್ಕರೆಗೆ. ಕಂದು ಸಕ್ಕರೆಯ ಹರಳಿಗೆ ಕಾಕಂಬಿಯ ಲೇಪ ಇರುತ್ತದೆ. ಆ ಲೇಪ ಒಣಗಿದಾಗ ಅದು ಗಟ್ಟಿಯಾಗುತ್ತದೆ. ಅದಕ್ಕೆ ತೇವ ಕೊಡಬೇಕು. ನಮ್ಮ ಬಿಳಿ ಸಕ್ಕರೆ ಕಲ್ಲಾಗುವುದು ತೇವ ಕುಡಿದು. ಅದಕ್ಕೆ ಬೇಕಾದದ್ದು ಒಣ ಗಾಳಿ. ಎರಡರ ಕಾಯಿಲೆಯೂ ಬೇರೆ, ಮದ್ದೂ ಬೇರೆ. ಈ ಸಲಹೆ ಎಲ್ಲ ಕಡೆ ಓಡಾಡುತ್ತಿದೆ, ಬಿಳಿ ಸಕ್ಕರೆಗೆ ದಯವಿಟ್ಟು ಮಾಡಬೇಡಿ.

ಇಷ್ಟಾದ ಮೇಲೆ ಒಡೆಯುವುದನ್ನೇ ಬಿಟ್ಟೆ. ಹೇಗೂ ನೀರಿಗೆ ಬೀಳುವ ಸಕ್ಕರೆಗೆ ಪುಡಿಯಾದರೇನು, ಕಲ್ಲಾದರೇನು? ಉಳಿದ 11 ಕಿಲೋವನ್ನು ಚೀಲದೊಳಗೇ ಇಟ್ಟು ಕೊಡಲಿಯ ಹಿಂಬದಿಯಿಂದ ತೆಂಗಿನಕಾಯಿ ಗಾತ್ರಕ್ಕೆ ಒಡೆದೆ. ತೂಗಲು ಅಷ್ಟು ಸಾಕು.

ಶುಂಠಿ ನಿಂಬೆಯ ಪಾಕಕ್ಕೆ ಮೂರು ಕಿಲೋ ಹೋಯಿತು. ಒಂದೂವರೆ ಲೀಟರ್ ನೀರು ಕುದಿಸಿ ಗಡ್ಡೆಗಳನ್ನು ಹಾಗೇ ಇಳಿಸಿದೆ. ಕರಗಿದ ಮೇಲೆ ಜಜ್ಜಿದ ಶುಂಠಿ ಹಾಕಿ ಇನ್ನೊಂದು ಕುದಿ. ಚೀಲದ ನಾರು, ಕಸ ಎಲ್ಲ ನೊರೆಯ ಜೊತೆ ಮೇಲೆ ಬರುತ್ತದೆ, ತೆಗೆದು ಬಟ್ಟೆಯಲ್ಲಿ ಸೋಸಬೇಕು. ಆರಿದ ಮೇಲೆ ನಿಂಬೆರಸ. ಎರಡು ಪಾಲು ಸಕ್ಕರೆಗೆ ಒಂದು ಪಾಲು ನೀರು ಇದ್ದರೆ ಪಾಕ ಬೇಗ ಹುಳಿಯುವುದಿಲ್ಲ. ನಿಂಬೆಯ ಹುಳಿ ಇದ್ದರೆ ಬಾಟಲಿಯ ಬಾಯಲ್ಲಿ ಮತ್ತೆ ಹರಳು ಕಟ್ಟುವುದೂ ಕಡಿಮೆ. ಜುಲೈ-ಆಗಸ್ಟಿನ ಆಟಿ ತಿಂಗಳ ಮಳೆಯಲ್ಲಿ ತಣ್ಣನೆಯ ಶರಬತ್ತು ಯಾರಿಗೂ ಬೇಡ. ಬಿಸಿನೀರಿಗೆ ಎರಡು ಚಮಚ ಹಾಕಿದರೆ ಗಂಟಲಿಗೆ ಹಿತ. ಮಕ್ಕಳು ಶಾಲೆಯಿಂದ ನೆನೆದು ಬಂದಾಗ ಇದೇ ಕೊಟ್ಟೆ. ಒಳ್ಳೆಯ ಉಪಯೋಗ, ಆದರೆ ಒಂದು ಮನೆಗೆ ಮೂರು ಕಿಲೋಗಿಂತ ಜಾಸ್ತಿ ಪಾಕ ಖರ್ಚಾಗುವುದಿಲ್ಲ. ಮನೆಯಲ್ಲಿ ಸಕ್ಕರೆ ಕಾಯಿಲೆಯವರು ಇದ್ದರಂತೂ ಇನ್ನೂ ಕಷ್ಟ.

ಈಗ ಜೇನು. ನಮ್ಮ ತೋಟದಲ್ಲಿ ತುಡುವೆಯ, ಅಂದರೆ ಪೆಟ್ಟಿಗೆಯಲ್ಲಿ ಸಾಕುವ ನಾಡಜೇನಿನ, ಮೂರು ಪೆಟ್ಟಿಗೆಗಳಿವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆ ಹೂವು ಕಡಿಮೆ. ಇದ್ದ ಹೂವಿನ ಮಕರಂದವೂ ಮಳೆಗೆ ತೊಳೆದು ಹೋಗುತ್ತದೆ. ದಿನಗಟ್ಟಲೆ ಜೇನುನೊಣ ಹೊರಗೆ ಹೋಗಲು ಆಗುವುದಿಲ್ಲ. ಹೊಟ್ಟೆಗಿಲ್ಲದಿದ್ದರೆ ಜೇನಿನ ಇಡೀ ಕುಟುಂಬ ಪೆಟ್ಟಿಗೆ ಬಿಟ್ಟು ಹಾರಿಹೋಗುತ್ತದೆ. ಅದಕ್ಕೇ ಪ್ರತಿ ವರ್ಷ ಹೊಸ ಸಕ್ಕರೆ ತಂದು ಕರಗಿಸಿ ಇಡುತ್ತಿದ್ದೆ. ಪೆಟ್ಟಿಗೆಗೆ ವಾರಕ್ಕೆ ಸುಮಾರು 200 ಗ್ರಾಂ ಸಕ್ಕರೆ, ಅಷ್ಟೇ ತೂಕದ ನೀರು. ಮೂರು ಪೆಟ್ಟಿಗೆಗೆ 13 ವಾರ ಅಂದರೆ 7.8 ಕಿಲೋ. ಚೀಲದಲ್ಲಿ ಉಳಿದದ್ದು 8 ಕಿಲೋ. ಲೆಕ್ಕ ಹಾಕಿ ನೋಡಿದಾಗ ನನಗೇ ಆಶ್ಚರ್ಯವಾಯಿತು. ಮನೆಯಲ್ಲೇ ಇದ್ದ ಕೆಲಸವನ್ನು ಬಿಟ್ಟು ಮಿಕ್ಸಿ ಹಾಳು ಮಾಡಿಕೊಂಡು ಕೂತಿದ್ದೆ.

ಮಾಡುವುದು ಸುಲಭ. ನೀರು ಕುದಿಸಿ ಒಲೆಯಿಂದ ಇಳಿಸಬೇಕು. ಆಮೇಲೆ ಸಕ್ಕರೆ ಗಡ್ಡೆ ಹಾಕಿ ಮುಚ್ಚಿಡಬೇಕು. ಒಲೆಯ ಮೇಲೇ ಇಟ್ಟು ಕರಗಿಸಬೇಡಿ. ತಳ ಹಿಡಿದು ಸಕ್ಕರೆ ಕಂದಿದರೆ ಅದು ಜೇನಿಗೆ ಒಳ್ಳೆಯದಲ್ಲ. ಬೆಲ್ಲವೂ ಬೇಡ, ನೊಣಗಳಿಗೆ ಭೇದಿ ಶುರುವಾಗುತ್ತದೆ. ಹುಳಿ ವಾಸನೆ ಬರುವ, ಬಣ್ಣ ತಿರುಗಿದ ಸಕ್ಕರೆಯನ್ನೂ ಇಡಬಾರದು. ನಮ್ಮದು ಕಲ್ಲಾಗಿತ್ತೇ ಹೊರತು ಬೆಳ್ಳಗೆ ಶುದ್ಧವಾಗಿತ್ತು. ತೆಳು ಪಾಕ ಎರಡು ಮೂರು ದಿನದಲ್ಲಿ ಹುಳಿಯುತ್ತದೆ, ಹಾಗಾಗಿ ಆಯಾ ವಾರದ್ದು ಆಯಾ ವಾರವೇ ಮಾಡಬೇಕು.

ಇಡುವ ಹೊತ್ತು ಮುಖ್ಯ. ಮೊದಲ ವರ್ಷ ಹಗಲಲ್ಲಿ ಇಟ್ಟಿದ್ದೆ, ಸ್ವಲ್ಪ ಪೆಟ್ಟಿಗೆಯ ಹೊರಗೂ ಚೆಲ್ಲಿತ್ತು. ಅರ್ಧ ಗಂಟೆಯಲ್ಲಿ ಪಕ್ಕದ ಬಲವಾದ ಪೆಟ್ಟಿಗೆಯ ನೊಣಗಳು ಲೂಟಿಗೆ ಬಂದವು. ಬಾಗಿಲಲ್ಲಿ ಒಂದನ್ನೊಂದು ಹಿಡಿದುಕೊಂಡು ಉರುಳಾಡುತ್ತಿದ್ದವು. ಸಂಜೆಗೆ ಕೆಳಗಿನ ಕಲ್ಲಿನ ಮೇಲೆ ಒಂದು ಹಿಡಿಯಷ್ಟು ಸತ್ತ ನೊಣ. ಅಂದಿನಿಂದ ಕತ್ತಲಾಗುವ ಹೊತ್ತಿಗೇ ಇಡುವುದು.

ಮುಚ್ಚಳದ ಅಡಿಯಲ್ಲಿ, ನೊಣಗಳು ಎರಿ ಕಟ್ಟುವ ಚೌಕಟ್ಟುಗಳ ಮೇಲೆ ಒಂದು ಗೆರಟೆ (ತೆಂಗಿನ ಚಿಪ್ಪು), ಅದರ ತುಂಬ ತಣ್ಣಗಾದ ಪಾಕ, ನೊಣ ಮುಳುಗದ ಹಾಗೆ ನಾಲ್ಕೈದು ಒಣ ಕಡ್ಡಿ. ಮೊದಲು ಒಂದು ನೊಣ ಕಡ್ಡಿಯ ತುದಿಗೆ ಬಂದು ಮೂತಿ ಇಳಿಸುತ್ತದೆ. ಸ್ವಲ್ಪ ಹೊತ್ತಿಗೆ ಗೆರಟೆಯ ಸುತ್ತ ಒಂದು ಬಳೆಯ ಹಾಗೆ ಎಲ್ಲ ತಲೆ ಒಳಗೆ ಮಾಡಿ ಸಾಲಾಗಿ ನಿಲ್ಲುತ್ತವೆ. ಹೊಟ್ಟೆ ಮಾತ್ರ ಮೆಲ್ಲಗೆ ಅಲುಗುತ್ತಿರುತ್ತದೆ. ಬೆಳಿಗ್ಗೆ ನೋಡಿದರೆ ಗೆರಟೆ ಒರೆಸಿಟ್ಟ ಹಾಗೆ ಒಣಗಿರುತ್ತದೆ, ಕಡ್ಡಿಯಲ್ಲೂ ಅಂಟಿಲ್ಲ.

ಒಂದು ಮಾತು ಕಟ್ಟುನಿಟ್ಟಾಗಿ ಹೇಳಬೇಕು. ಇದು ಬರಗಾಲದ ಊಟ, ಜೇನು ಹೆಚ್ಚಿಸುವ ಉಪಾಯ ಅಲ್ಲ. ಹೂವು ಶುರುವಾಗುವ ಮೊದಲೇ ನಿಲ್ಲಿಸಬೇಕು. ರಬ್ಬರ್ ಚಿಗುರಿನಿಂದ ನೊಣಗಳು ಸಿಹಿರಸ ತರುವ ಕಾಲದಲ್ಲಿ ಸಕ್ಕರೆ ಇಟ್ಟು, ಆಮೇಲೆ ಆ ಎರಿ ಹಿಂಡಿ ಜೇನು ಅಂತ ಮಾರಿದರೆ ಅದು ಮೋಸ.

ಉಳಿದ ಉಪಯೋಗಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಗ್ರೀಸ್ ಹಿಡಿದ ಕೈಗೆ ಒಂದು ಚಮಚ ಸಕ್ಕರೆ, ಸ್ವಲ್ಪ ತೆಂಗಿನೆಣ್ಣೆ ಹಾಕಿ ಉಜ್ಜಿದರೆ ಚೆನ್ನಾಗಿ ಹೋಗುತ್ತದೆ. ಆದರೆ ತಿಂಗಳಿಗೆ ನೂರು ಗ್ರಾಂ ಖರ್ಚಾದರೆ ಹೆಚ್ಚು. ಕೊಬ್ಬರಿ ಮಿಠಾಯಿಗೆ ಕಲ್ಲಾದ ಸಕ್ಕರೆ ಧಾರಾಳ ನಡೆಯುತ್ತದೆ, ಪಾಕಕ್ಕೆ ಯಾವುದಾದರೂ ಒಂದೇ. ಹೂದಾನಿಯ ನೀರಿಗೆ ಹಾಕಿ ನೋಡಿದೆ, ನೀರು ಬೇಗ ವಾಸನೆ ಬಂತು. ಗೊಬ್ಬರದ ಗುಂಡಿಗೆ ಸುರಿದರೆ ಬರೀ ಇರುವೆ.

ಇರುವೆ ಅಂದಾಗ ನೆನಪಾಯಿತು. ಅರ್ಧ ಚಮಚ ಬೋರಿಕ್ ಪುಡಿ, ಮೂರು ಚಮಚ ಸಕ್ಕರೆ, ಒಂದು ಲೋಟ ಬಿಸಿನೀರು ಸೇರಿಸಿ ಹತ್ತಿಯಲ್ಲಿ ಅದ್ದಿ ಇಟ್ಟರೆ ಅಡುಗೆಮನೆಯ ಇರುವೆ ಹೋಗುತ್ತದೆ. ಹಳೇ ಮನೆಯಲ್ಲಿ ಮಾಡುತ್ತಿದ್ದೆವು. ಈಗ ನಮ್ಮಲ್ಲಿ ಅದು ಸುತರಾಂ ಇಲ್ಲ. ಮಳೆಗಾಲದ ಹಸಿದ ನೊಣಕ್ಕೆ ಕಿಟಕಿಯ ಸಿಹಿನೀರು ಯಾವುದು, ಗೆರಟೆಯದು ಯಾವುದು ಅಂತ ಗೊತ್ತಾಗುವುದಿಲ್ಲ. ಮಕ್ಕಳಿರುವ ಮನೆಯಲ್ಲೂ ಬೇಡ. ಪೆಟ್ಟಿಗೆಗೆ ಇರುವೆ ಹತ್ತದಂತೆ ಸ್ಟ್ಯಾಂಡಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ಇಟ್ಟರೆ ಸಾಕು.

ಪೇಟೆಯ ಫ್ಲಾಟಿನಲ್ಲಿ ಇರುವವರು, ಎರಡು ಕಿಲೋ ಮಾತ್ರ ಕಲ್ಲಾಗಿರುವವರು ಶುಂಠಿ ಪಾಕ ಮಾಡಿ, ಅದೇ ಸರಿ. ನನಗಂತೂ ಈ ವರ್ಷ ಜೇನಿನ ಸಕ್ಕರೆಗೆ ಹೋಗುತ್ತಿದ್ದ ಸುಮಾರು 350 ರೂಪಾಯಿ ಉಳಿಯಿತು. ಮಿಕ್ಸಿಯ 180 ಕಳೆದರೂ ಲಾಭವೇ. ಸೆಪ್ಟೆಂಬರ್ ಮಧ್ಯದಲ್ಲಿ ಕೊನೆಯ ಗಡ್ಡೆ ಕರಗಿಸುವಾಗ ಮೂರು ಪೆಟ್ಟಿಗೆಗಳಲ್ಲೂ ಕುಟುಂಬ ಇತ್ತು. ಹೋದ ವರ್ಷ ಇದೇ ಹೊತ್ತಿಗೆ ಒಂದು ಖಾಲಿಯಾಗಿತ್ತು.