ಒಂದೇ ಸ್ಕೈರಿಮ್, ನಾಲ್ಕು ಅಂಗಡಿ: ಮಾಡ್ ಹಾಕುವವರು ಎಲ್ಲಿ ಕೊಳ್ಳಬೇಕು?

ಸ್ಕೈರಿಮ್ ಎಂಬ ಕಂಪ್ಯೂಟರ್ ಆಟದ ಸ್ಪೆಷಲ್ ಎಡಿಷನ್ ಅನ್ನು ಸ್ಟೀಮ್, ಗಾಗ್ ಎಂಬ ಎರಡು ಆನ್‌ಲೈನ್ ಅಂಗಡಿಗಳಲ್ಲಿ ಒಂದೊಂದು ಸಲ ದುಡ್ಡು ಕೊಟ್ಟು ಕೊಂಡು, ಎರಡನ್ನೂ ವರ್ಷಗಟ್ಟಲೆ ಬಳಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಮಾಡ್‌ಗಳ, ಅಂದರೆ ಆಟಗಾರರೇ ಬರೆದು ಆಟಕ್ಕೆ ಸೇರಿಸುವ ಮಾರ್ಪಾಡುಗಳ, ಗೊಡವೆಯೇ ಬೇಡ ಎನ್ನುವವರು ಎಲ್ಲಿ ಅಗ್ಗವೋ ಅಲ್ಲಿ ಕೊಳ್ಳಲಿ, ಆಟ ಎಲ್ಲ ಕಡೆಯೂ ಅದೇ. ಮಾಡ್ ಹಾಕುವವರಿಗೆ ಮಾತ್ರ ಅದು ಅದೇ ಆಟವಲ್ಲ.

ತಕರಾರೆಲ್ಲ ಆವೃತ್ತಿ ಸಂಖ್ಯೆಯದು. ಹೆಸರುವಾಸಿ ಮಾಡ್‌ಗಳಲ್ಲಿ ಎಷ್ಟೋ ಎಸ್‌ಕೆಎಸ್‌ಇ ಎಂಬ ಸ್ಕ್ರಿಪ್ಟ್ ಎಕ್ಸ್‌ಟೆಂಡರ್ (ಆಟ ತಾನಾಗಿ ಕೊಡದ ಸೌಲಭ್ಯಗಳನ್ನು ಮಾಡ್‌ಗಳಿಗೆ ಒದಗಿಸುವ ಪೂರಕ ತಂತ್ರಾಂಶ) ಇಲ್ಲದೆ ಅಲುಗಾಡುವುದಿಲ್ಲ. ಮೆನುವನ್ನು ಮನುಷ್ಯರು ಬಳಸುವಂತೆ ಮಾಡುವ ಸ್ಕೈಯುಐಗೂ ಅದೇ ಬೇಕು. ಈ ಎಸ್‌ಕೆಎಸ್‌ಇಯನ್ನು ಆಟವನ್ನು ನಡೆಸುವ ಇಎಕ್ಸ್‌ಇ ಕಡತದ ಒಂದೊಂದು ಆವೃತ್ತಿಗೂ ಬೇರೆಯಾಗಿಯೇ ಕಟ್ಟುತ್ತಾರೆ. ನನ್ನ ಸ್ಟೀಮ್ ಪ್ರತಿ 1.6.1170, ಗಾಗ್ ಪ್ರತಿ 1.6.1179. ಎಸ್‌ಕೆಎಸ್‌ಇಯ ಡಿಎಲ್ಎಲ್ ಕಡತದ (ಆಟದ ಜೊತೆ ಲೋಡ್ ಆಗುವ ಪ್ರೋಗ್ರಾಮ್ ತುಣುಕಿನ) ಹೆಸರಿನಲ್ಲೇ ಈ ಅಂಕಿ ಅಚ್ಚಾಗಿರುತ್ತದೆ. ಒಂದಕ್ಕೆ ಸೇರಿದ್ದನ್ನು ಇನ್ನೊಂದರಲ್ಲಿ ಹಾಕಿದರೆ ಆಟವನ್ನು ತೆರೆಯುವ ಎಸ್‌ಕೆಎಸ್‌ಇ ಲೋಡರ್ ಒಂದು ಸಣ್ಣ ಕಿಟಕಿ ತೆರೆದು, ಆವೃತ್ತಿ ಹೊಂದುವುದಿಲ್ಲ ಎಂದು ಹೇಳಿ ಕೈತೊಳೆದುಕೊಳ್ಳುತ್ತದೆ. ಸರಿಯಾಗಿ ಕೂತಿದೆಯೇ ಎಂದು ನೋಡಲು ಆಟದೊಳಗೆ ಕನ್ಸೋಲ್ (ಆದೇಶ ಟೈಪ್ ಮಾಡುವ ಕಿಟಕಿ) ತೆರೆದು ಗೆಟ್‌ಎಸ್‌ಕೆಎಸ್‌ಇವರ್ಷನ್ ಎಂದು ಟೈಪ್ ಮಾಡಿದರೆ ಸಾಕು.

ಸ್ಟೀಮ್‌ನ ದೊಡ್ಡ ಬಲ ಜನ. ಬಹುಪಾಲು ಮಾಡ್‌ಗಳು ಮೊದಲು ಪರೀಕ್ಷೆಗೊಳ್ಳುವುದು ಅಲ್ಲಿಯೇ, ದೋಷಗಳಿಗೆ ಪರಿಹಾರ ಬರೆದವರಲ್ಲಿ ಹೆಚ್ಚಿನವರು ಅಲ್ಲಿಯವರೇ. ಮಾಡ್ ಹಂಚುವ ಸ್ಟೀಮ್ ವರ್ಕ್‌ಶಾಪ್ ಇರುವುದು 2011ರ ಹಳೆಯ ಸ್ಕೈರಿಮ್‌ಗೆ ಮಾತ್ರ. ಸ್ಪೆಷಲ್ ಎಡಿಷನ್‌ಗೆ ನೆಕ್ಸಸ್ ಎಂಬ ಮಾಡ್ ತಾಣವೇ ಗತಿ. ದೊಡ್ಡ ದೌರ್ಬಲ್ಯ ಅಪ್‌ಡೇಟ್. 2021ರ ನವೆಂಬರ್ 11ರಂದು ಆನಿವರ್ಸರಿ ಎಡಿಷನ್ ಬಂದಾಗ ಆಟ 1.5.97ರಿಂದ 1.6ಕ್ಕೆ ಜಿಗಿಯಿತು. ಆಟದ ಕೋಡನ್ನು ಇಎಕ್ಸ್‌ಇಯಾಗಿ ಮಾರ್ಪಡಿಸುವ ಕಂಪೈಲರ್ ಬದಲಾಗಿದ್ದರಿಂದ ಇಎಕ್ಸ್‌ಇಯ ಒಳಗಿನ ವಿಳಾಸಗಳೆಲ್ಲ ಪಲ್ಲಟವಾಗಿ, ಡಿಎಲ್ಎಲ್ ನಂಬಿದ್ದ ಮಾಡ್‌ಗಳು ಒಂದೇ ರಾತ್ರಿಯಲ್ಲಿ ಮಲಗಿದವು. 2023ರ ಡಿಸೆಂಬರ್‌ನಲ್ಲಿ ಆಟದೊಳಗಿನ ಮಾಡ್ ಅಂಗಡಿಯಾದ ಕ್ರಿಯೇಷನ್ಸ್ ಹೆಸರಿನಲ್ಲಿ ಮತ್ತೆ ಅದೇ ರಾಮಾಯಣ. ಅಪ್‌ಡೇಟ್ ಬೇಡವೇ ಬೇಡ ಎನ್ನುವ ಆಯ್ಕೆಯನ್ನು ಸ್ಟೀಮ್ ಕೊಡುವುದಿಲ್ಲ; ಆಟ ತೆರೆಯುವಾಗ ಮಾತ್ರ ಅಪ್‌ಡೇಟ್ ಮಾಡು ಎನ್ನಬಹುದು, ಅಷ್ಟೇ. ಹಳೆಯ ಆವೃತ್ತಿಗೆ ಮರಳಲು ಸ್ಟೀಮ್ ಕನ್ಸೋಲ್‌ನಲ್ಲಿ ಉದ್ದುದ್ದ ಅಂಕಿಗಳನ್ನು ಕೊಟ್ಟು ಕಡತಗಳನ್ನು ಇಳಿಸಿಕೊಳ್ಳಬೇಕು. ಕೆಲಸವೇನೋ ಆಗುತ್ತದೆ, ಆದರೆ ಹೊಸಬರಿಗೆ ಹೇಳಿಕೊಡುವ ವಿಷಯವಲ್ಲ.

2022ರ ಸೆಪ್ಟೆಂಬರ್‌ನಲ್ಲಿ ಬಂದ ಗಾಗ್ ಪ್ರತಿ ನನಗೆ ಹಿಡಿಸಿದ್ದು ಇಲ್ಲಿಯೇ. ಗಾಗ್‌ನ ಗ್ಯಾಲಕ್ಸಿ ತಂತ್ರಾಂಶದಲ್ಲಿ ಸ್ವಯಂ ಅಪ್‌ಡೇಟ್ ನಿಲ್ಲಿಸಿ, ಹಿಂದಿನ ಆವೃತ್ತಿಯನ್ನು ಪಟ್ಟಿಯಿಂದಲೇ ಆರಿಸಬಹುದು. ಆಫ್‌ಲೈನ್ ಇನ್‌ಸ್ಟಾಲರ್ ಒಂದನ್ನು ಹೊರಗಿನ ಡಿಸ್ಕ್‌ನಲ್ಲಿ ಇಟ್ಟುಕೊಂಡರೆ ಯಾರ ಹಂಗೂ ಇಲ್ಲ. ಆದರೆ ಇದಕ್ಕೂ ಒಂದು ಕೊಕ್ಕೆ ಇದೆ: ಸೇವ್ ಕಡತಗಳು ಮತ್ತು ಸೆಟ್ಟಿಂಗ್‌ಗಳ ಐಎನ್ಐ ಕಡತ ಇರುವ ಫೋಲ್ಡರಿನ ಹೆಸರಿನ ಕೊನೆಗೆ ಇಲ್ಲಿ ಗಾಗ್ ಎಂದು ಸೇರಿಕೊಂಡಿರುತ್ತದೆ. ಹಳೆಯ ಉಪಕರಣಗಳು ಸ್ಟೀಮ್‌ನ ಫೋಲ್ಡರನ್ನೇ ಹುಡುಕುತ್ತವೆ. ಐಎನ್ಐ ತಿದ್ದಿದೆ, ಆಟದಲ್ಲಿ ಏನೂ ಬದಲಾಗಲಿಲ್ಲ ಎಂದು ಗೋಳಾಡುವ ಮೊದಲು ತಿದ್ದಿದ್ದು ಯಾವ ಫೋಲ್ಡರಿನಲ್ಲಿ ಎಂದು ನೋಡಿ. ಮೊದಮೊದಲು ಗಾಗ್‌ಗೆ ಒಗ್ಗದ ಡಿಎಲ್ಎಲ್ ಮಾಡ್‌ಗಳು ಹಲವಿದ್ದವು. ಈಗ ಒಂದೇ ಡಿಎಲ್ಎಲ್ ಹಲವು ಆವೃತ್ತಿಗಳಲ್ಲಿ ನಡೆಯುವಂತೆ ಬರೆಯುವವರು ಹೆಚ್ಚಿದ್ದಾರೆ.

ಉಳಿದೆರಡು ಅಂಗಡಿಗಳಾದ ಎಪಿಕ್ ಮತ್ತು ಮೈಕ್ರೋಸಾಫ್ಟ್‌ನ ಗೇಮ್ ಪಾಸ್ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಎರಡಕ್ಕೂ ಎಸ್‌ಕೆಎಸ್‌ಇ ಬೆಂಬಲವಿಲ್ಲ. ಬಟ್ಟೆ, ಕಲ್ಲು, ಮರಗಳ ಟೆಕ್ಸ್‌ಚರ್ ಬದಲಿಸಬಹುದು, ಇಎಸ್‌ಪಿ ಎಂಬ ಸಾದಾ ಮಾಡ್ ಕಡತಗಳನ್ನು ಹಾಕಬಹುದು, ಆಟದೊಳಗಿನ ಕ್ರಿಯೇಷನ್ಸ್ ಬಳಸಬಹುದು. ಸ್ಕೈಯುಐ ಇಲ್ಲ. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಸ್ಥಿತಿ.

ಹಾಗೆಂದು ಸ್ಟೀಮ್ ಪ್ರತಿಯನ್ನು ನಾನು ಅಳಿಸಿಲ್ಲ. ವಬ್ಬಜ್ಯಾಕ್ ಎಂಬ ಸಲಕರಣೆಯ ಮೂಲಕ ನೂರಾರು ಮಾಡ್‌ಗಳ ಸಿದ್ಧ ಪಟ್ಟಿ ಹಾಕುವಾಗ ಅದು ಆಟದ ಮೂಲ ಕಡತಗಳನ್ನು ಒಂದೊಂದಾಗಿ ತಾಳೆ ನೋಡುತ್ತದೆ, ಪಟ್ಟಿ ಮಾಡಿದವರಲ್ಲಿ ಬಹುಪಾಲು ಸ್ಟೀಮ್ ಬಳಸಿದವರು. ತಾವೇ ಒಂದೊಂದು ಮಾಡ್ ಆರಿಸಿ ಜೋಡಿಸುವ ಚಟವಿದ್ದವರು ಗಾಗ್ ಕೊಳ್ಳಿ. ಸಿದ್ಧ ಪಟ್ಟಿ ಬೇಕೆನ್ನುವವರು ಸ್ಟೀಮ್‌ಗೆ ಹೋಗಿ, ಆದರೆ ಆಟವನ್ನು ಎಸ್‌ಕೆಎಸ್‌ಇ ಲೋಡರ್ ಮೂಲಕವೇ ತೆರೆಯಿರಿ. ಸ್ಟೀಮ್ ಲೈಬ್ರರಿಯಲ್ಲಿರುವ ಪ್ಲೇ ಗುಂಡಿಯನ್ನು ಒತ್ತಬೇಡಿ, ಒತ್ತಿದರೆ ಅಪ್‌ಡೇಟ್ ಶುರುವಾಗಬಹುದು.