ಡಿಸ್ಕಿನ ಕಸಕ್ಕೆ ಯಾವ ಪೊರಕೆ? ಎನ್‌ಸಿಡಿಯು, ಎಫ್‌ಡಿ, ಫೈಂಡ್

ನನ್ನ ಲಿನಕ್ಸ್ ಲ್ಯಾಪ್‌ಟಾಪ್‌ನದು 256 ಜಿಬಿ ಡಿಸ್ಕ್. ಕಳೆದ ತಿಂಗಳು, ಡಿಸ್ಕ್ ಎಷ್ಟು ತುಂಬಿದೆ ಅಂತ ಹೇಳುವ ಡಿಎಫ್ ಕಮಾಂಡ್ ಹೊಡೆದು ನೋಡಿದರೆ 98% ತುಂಬಿತ್ತು. ಸರಿ, ಟರ್ಮಿನಲ್ ತೆರೆದು ಮೂರು ಪೊರಕೆಗಳನ್ನೂ ಹಿಡಿದು ನೋಡಿದೆ.

ಮೊದಲು ಎನ್‌ಸಿಡಿಯು. ಯಾವ ಫೋಲ್ಡರ್ ಎಷ್ಟು ಜಾಗ ತಿಂದಿದೆ ಅಂತ ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ ತೋರಿಸುತ್ತದೆ. ಬಾಣದ ಕೀಲಿ ಒತ್ತುತ್ತಾ ಒಳಗಿಳಿದರೆ ಆಯಿತು. ಕೈಬಿಟ್ಟ ಎರಡು ಪ್ರಾಜೆಕ್ಟ್‌ಗಳ ನೋಡ್ ಮಾಡ್ಯೂಲ್ಸ್ (ಜಾವಾಸ್ಕ್ರಿಪ್ಟ್ ಪ್ರಾಜೆಕ್ಟ್‌ಗೆಂದು ಇಳಿಸಿಕೊಂಡ ಲೈಬ್ರರಿಗಳ ಫೋಲ್ಡರ್) ಸಿಕ್ಕವು. 'ಡಿ' ಒತ್ತಿದೆ, ಅಳಿಸಲೇ ಅಂತ ಕೇಳಿತು, ಹೂಂ ಅಂದೆ. ಆದರೆ ಅಲ್ಲಲ್ಲಿ ಚದುರಿ ಕೂತ ಚಿಲ್ಲರೆ ಬ್ಯಾಕಪ್ ಫೈಲ್‌ಗಳನ್ನು ಹೀಗೆ ಹೆಕ್ಕುತ್ತಾ ಕೂತರೆ ಬೆಳಗಾಗುತ್ತದೆ.

ಎಫ್‌ಡಿ ಹೆಸರು ಕೊಟ್ಟರೆ ಫೈಲ್ ಹುಡುಕಿಕೊಡುವ ಕಮಾಂಡ್. ಫೈಂಡ್‌ಗಿಂತ ವೇಗ ಜಾಸ್ತಿ, ಟೈಪಿಂಗ್ ಕಡಿಮೆ. ತಮಾಷೆ ಏನೆಂದರೆ, ಚುಕ್ಕೆಯಿಂದ ಶುರುವಾಗುವ ಫೈಲ್‌ಗಳನ್ನೂ ಗಿಟ್‌ಇಗ್ನೋರ್‌ನಲ್ಲಿ (ಕೋಡ್‌ನ ಇತಿಹಾಸ ಇಡುವ ಗಿಟ್ ಕಡೆಗಣಿಸಬೇಕಾದ ಫೈಲ್‌ಗಳ ಪಟ್ಟಿ) ಬರೆದಿಟ್ಟವನ್ನೂ ಅದು ತಾನಾಗಿಯೇ ಬಿಟ್ಟುಬಿಡುತ್ತದೆ. ನಾವು ಗಿಟ್‌ಇಗ್ನೋರ್‌ಗೆ ಹಾಕುವುದೇ ಕಸವನ್ನು ಅಲ್ವಾ! ದೊಡ್ಡಕ್ಷರದ ಎಚ್ ಮತ್ತು ಐ ಆಯ್ಕೆ ಕೊಟ್ಟ ಮೇಲೆಯೇ ಎಲ್ಲ ಕಂಡದ್ದು.

ಇನ್ನು ಫೈಂಡ್, ಅದೂ ಫೈಲ್ ಹುಡುಕುವ ಕಮಾಂಡೇ. ಇಲ್ಲೇ ನಾನು ಏಟು ತಿಂದದ್ದು. ಬ್ಯಾಕಪ್‌ಗಳನ್ನು ಹುಡುಕಿ, ಸಿಕ್ಕ ಹೆಸರುಗಳನ್ನು ಮುಂದಿನ ಕಮಾಂಡ್‌ಗೆ ಪೈಪ್ ಮಾಡಿ, ಎಕ್ಸ್‌ಆರ್ಗ್ಸ್ (ಬಂದ ಹೆಸರುಗಳನ್ನು ಇನ್ನೊಂದು ಕಮಾಂಡ್‌ಗೆ ದಾಟಿಸುವ ಕಮಾಂಡ್) ಮೂಲಕ ಫೈಲ್ ಅಳಿಸುವ ಆರ್‌ಎಂಗೆ ಕೊಟ್ಟೆ. 'ಲೆಕ್ಕ ಹಳೆಯದು.ಬ್ಯಾಕ್' ಅಂತ ಒಂದು ಫೈಲ್ ಇತ್ತು. ಎಕ್ಸ್‌ಆರ್ಗ್ಸ್ ಖಾಲಿ ಜಾಗ ಕಂಡಲ್ಲಿ ಹೆಸರನ್ನು ಎರಡು ತುಂಡು ಮಾಡುತ್ತದೆ. 'ಹಳೆಯದು.ಬ್ಯಾಕ್' ಅನ್ನುವ ಫೈಲ್ ಇಲ್ಲ ಅಂತ ಆರ್‌ಎಂ ಗೊಣಗಿತು. ಆದರೆ 'ಲೆಕ್ಕ' ಅನ್ನುವ ಫೈಲ್ ನಿಜವಾಗಿಯೂ ಇತ್ತು, ನನ್ನ ಮನೆಖರ್ಚಿನದು. ಅದು ಸುಮ್ನೆ ಹೋಯಿತು. ಕಸ ಉಳಿಯಿತು!

ಫೈಂಡ್‌ಗೆ ಪ್ರಿಂಟ್-ಸೊನ್ನೆ (-print0), ಎಕ್ಸ್‌ಆರ್ಗ್ಸ್‌ಗೆ ಸೊನ್ನೆ (-0) ಆಯ್ಕೆ ಕೊಟ್ಟಿದ್ದರೆ ಖಾಲಿ ಜಾಗದಲ್ಲಿ ಹೆಸರು ತುಂಡಾಗದೆ, ಹೀಗಾಗುತ್ತಿರಲಿಲ್ಲ. ಅದಕ್ಕಿಂತ ಸುಲಭ ಫೈಂಡ್‌ನದೇ ಡಿಲೀಟ್ (-delete) ಆಯ್ಕೆ. ಹೆಸರು ತುಂಡಾಗುವ ಮಾತೇ ಇಲ್ಲ. ಆದರೆ ಅದು ಸಾಲಿನ ಕೊನೆಗೇ ಇರಬೇಕು. ಫೈಂಡ್ ಎಡದಿಂದ ಬಲಕ್ಕೆ ಓದುತ್ತದೆ. ಹೆಸರಿನ ಷರತ್ತಿಗಿಂತ ಮೊದಲೇ ಡಿಲೀಟ್ ಬರೆದರೆ ಷರತ್ತು ನೋಡದೆ ಇಡೀ ಫೋಲ್ಡರ್ ಗುಡಿಸಿ ಹಾಕುತ್ತದೆ.

ಈಗ ಜಾಗ ತಿನ್ನುವವರು ಯಾರು ಅಂತ ನೋಡಲು ಎನ್‌ಸಿಡಿಯು, ಅಳಿಸಲು ಫೈಂಡ್. ಮೊದಲು ಡಿಲೀಟ್ ಇಲ್ಲದೆ ಓಡಿಸಿ ಪಟ್ಟಿ ಓದುತ್ತೇನೆ. ಆಮೇಲೆ ಮೇಲಿನ ಬಾಣ ಒತ್ತಿ ಅದೇ ಕಮಾಂಡ್ ವಾಪಸ್ ತಂದು, ಕೊನೆಗೆ ಡಿಲೀಟ್ ಸೇರಿಸುತ್ತೇನೆ. ಎಫ್‌ಡಿ ಹುಡುಕಾಟಕ್ಕಷ್ಟೇ.

ಅಂದಹಾಗೆ, ಜನವರಿವರೆಗಿನ ಮನೆಖರ್ಚು ವಾಪಸ್ ಸಿಕ್ಕಿತು. ಎಲ್ಲಿಂದ ಅಂದರೆ, ಆ 'ಲೆಕ್ಕ ಹಳೆಯದು.ಬ್ಯಾಕ್'ನಿಂದಲೇ.