ಸಿವಿಟಿ ಕಾರಿಗೆ ಗೇರ್ ಆಯಿಲ್ ಹಾಕಿಸುವ ಮುನ್ನ ಕ್ಯಾನ್ ನೋಡಿ

ಚಿಕ್ಕಮಗಳೂರು, ಹಾಸನ ಕಡೆ ಸಿವಿಟಿ ಗೇರ್‌ಬಾಕ್ಸ್ (ಗೇರ್ ಹಂತಗಳಿಲ್ಲದ ಆಟೋಮ್ಯಾಟಿಕ್) ಇರುವ ಕಾರು ಓಡಿಸುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ತಪ್ಪು ಎಣ್ಣೆ ಹಾಕಿದ್ದರಿಂದ ನಮ್ಮ ಕಾರಿನ ಗೇರ್‌ಬಾಕ್ಸೇ ಹಾಳಾಯಿತು. ಎಣ್ಣೆ ಬದಲಿಸಿದ ಬಿಲ್ಲು ಐದು ಸಾವಿರದೊಳಗೆ ಇತ್ತು. ಹೊಸ ಗೇರ್‌ಬಾಕ್ಸಿಗೆ ಕೊಟ್ಟಿರುವ ಎಸ್ಟಿಮೇಟು ಎರಡು ಲಕ್ಷ ದಾಟಿದೆ.

ಊರಿನ ಒಂದು ಗ್ಯಾರೇಜಿಗೆ ಸರ್ವಿಸ್‌ಗೆ ಬಿಟ್ಟಿದ್ದೆವು. ಅದರ ಹೆಸರು ಇಲ್ಲಿ ಬರೆಯುವುದಿಲ್ಲ. ಸಿವಿಟಿ ಕಾರು, ಗೇರ್ ಆಯಿಲ್ ಬದಲಿಸಿ ಎಂದು ಸ್ಪಷ್ಟವಾಗಿ ಹೇಳಿದ್ದೆವು. ಬದಲಿಸಿದರು. ಬಿಲ್ಲಿನಲ್ಲಿ ‘ಎಟಿಎಫ್’ ಎಂದು ಬರೆದುಕೊಟ್ಟರು.

ಎಟಿಎಫ್ ಅಂದರೆ ಟಾರ್ಕ್ ಕನ್ವರ್ಟರ್ ಇರುವ, ಗೇರುಗಳುಳ್ಳ ಮಾಮೂಲಿ ಆಟೋಮ್ಯಾಟಿಕ್‌ಗೆ ಹಾಕುವ ಎಣ್ಣೆ. ಕ್ಲಚ್ ಪ್ಲೇಟುಗಳು ಸರಿಯಾಗಿ ಹಿಡಿದು ಬಿಡಲಿ ಅಂತ ಮಾಡಿರುವಂಥದ್ದು. ಸಿವಿಟಿಯ ಕಥೆಯೇ ಬೇರೆ. ಅದರಲ್ಲಿ ಒಂದನೇ ಗೇರ್, ಎರಡನೇ ಗೇರ್ ಅಂತ ಇರುವುದಿಲ್ಲ. ಎರಡು ಪುಲ್ಲಿ, ಅವುಗಳ ನಡುವೆ ಒಂದು ಸ್ಟೀಲ್ ಬೆಲ್ಟ್. ಪುಲ್ಲಿ ಬೆಲ್ಟನ್ನು ಗಟ್ಟಿಯಾಗಿ ಒತ್ತಿ ಹಿಡಿದರೆ ಮಾತ್ರ ಎಂಜಿನ್ನಿನ ಶಕ್ತಿ ಚಕ್ರಕ್ಕೆ ಹೋಗುತ್ತದೆ. ಲೋಹಕ್ಕೆ ಲೋಹ ಉಜ್ಜಿದರೂ ಸವೆಯಬಾರದು, ಹಾಗಂತ ಜಾರಲೂಬಾರದು. ಈ ಎರಡೂ ಕೆಲಸಕ್ಕೆ ಅಂತಲೇ ಸಿವಿಟಿ ಎಣ್ಣೆ ಇರುವುದು. ಅದರಲ್ಲೂ ಒಂದು ಕಂಪನಿಯದು ಇನ್ನೊಂದಕ್ಕೆ ಆಗಲ್ಲ. ಈಚಿನ ಹೊಂಡಾ ಸಿವಿಟಿಗೆ ಎಚ್‌ಸಿಎಫ್-2, ನಿಸ್ಸಾನ್‌ಗೆ ಎನ್‌ಎಸ್-3. ನಿಮ್ಮ ಕಾರಿಗೆ ಯಾವುದು ಅಂತ ಓನರ್ಸ್ ಮ್ಯಾನ್ಯುವಲ್‌ನಲ್ಲಿ ಬರೆದಿರುತ್ತದೆ.

ತಪ್ಪು ಎಣ್ಣೆ ಹಾಕಿದರೆ ಬೆಲ್ಟ್ ಜಾರುತ್ತದೆ, ಪುಲ್ಲಿಯ ಮೇಲೆ ಗೀರು ಬೀಳುತ್ತದೆ. ಕಬ್ಬಿಣದ ಪುಡಿ ಎಣ್ಣೆಗೆ ಸೇರಿ ಫಿಲ್ಟರ್, ಎಣ್ಣೆಯ ಒತ್ತಡ ಹಂಚುವ ವಾಲ್ವ್ ಬಾಡಿ ಎಲ್ಲ ಕಟ್ಟಿಕೊಳ್ಳುತ್ತವೆ. ಸಪಾಟು ರಸ್ತೆಯಲ್ಲಿ ಇದು ಗೊತ್ತೇ ಆಗಲ್ಲ. ಚಿಕ್ಕಮಗಳೂರು ಪೇಟೆಯ ಐ.ಜಿ. ರಸ್ತೆಯಲ್ಲಿ ನಮ್ಮ ಕಾರು ಚೆನ್ನಾಗಿಯೇ ಓಡುತ್ತಿತ್ತು. ಕೈಮರ ದಾಟಿ ಮುಳ್ಳಯ್ಯನಗಿರಿ ಕಡೆ ಹತ್ತುವಾಗ ಮಾತ್ರ ಆರ್‌ಪಿಎಂ ಏರುತ್ತಿತ್ತು, ಎಂಜಿನ್ ಕೂಗುತ್ತಿತ್ತು, ಗಾಡಿ ಎಳೆಯುತ್ತಿರಲಿಲ್ಲ. ವಾಪಸ್ ಗ್ಯಾರೇಜಿಗೆ ಹೋಗಿ ಹೇಳಿದರೆ, ‘ಸಿವಿಟಿ ಅಲ್ವಾ, ಏರಿನಲ್ಲಿ ಹಾಗೇ ಇರುತ್ತೆ’ ಅಂದರು. ಸ್ಕ್ಯಾನರ್ ಹಾಕಲಿಲ್ಲ, ಎಣ್ಣೆ ನೋಡಲಿಲ್ಲ. ನನಗೆ ಅತಿ ಜಾಸ್ತಿ ಸಿಟ್ಟಿರುವುದು ಈ ಮಾತಿನ ಮೇಲೆ. ಸಿವಿಟಿಯಲ್ಲಿ ಎಂಜಿನ್ ಸದ್ದು ಮೊದಲು, ವೇಗ ಆಮೇಲೆ ಬರುವುದು ನಿಜ. ಆದರೆ ಅದೇ ಏರನ್ನು ಅದೇ ಕಾರು ಮೊದಲು ಸಲೀಸಾಗಿ ಹತ್ತುತ್ತಿದ್ದರೆ, ಆ ಉತ್ತರ ಒಪ್ಪಬೇಡಿ. ಆಗಲೇ ಸರಿಯಾದ ಎಣ್ಣೆ ಹಾಕಿದ್ದರೆ ಗೇರ್‌ಬಾಕ್ಸ್ ಉಳಿಯುವ ಸಾಧ್ಯತೆಯಾದರೂ ಇತ್ತು.

ಕೊನೆಗೆ ಮಂಗಳೂರಿನ ಆಸ್ಪತ್ರೆಯಿಂದ ಅಪ್ಪನನ್ನು ಕರೆದುಕೊಂಡು ಬರುವಾಗ ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಕಾರು ನಡುಗಿ ನಿಂತೇ ಹೋಯಿತು. ಹಿಂದೆ ಬಸ್ಸು, ಸುತ್ತ ಮಂಜು, ಫೋನಿಗೆ ಸಿಗ್ನಲ್ ಇಲ್ಲ. ಅಪ್ಪನನ್ನು ಬೇರೆಯವರ ಜೀಪಿನಲ್ಲಿ ಕೊಟ್ಟಿಗೆಹಾರಕ್ಕೆ ಕಳಿಸಬೇಕಾಯಿತು.

ಸಹಾಯಕ್ಕೆ ಬಂದವರು ಹಗ್ಗ ಕಟ್ಟಿ ಎಳೆಯೋಣ ಅಂದರು. ಬೇಡ ಅಂದೆವು. ಎಂಜಿನ್ ಆಫ್ ಇದ್ದಾಗ ಗೇರ್‌ಬಾಕ್ಸಿನ ಎಣ್ಣೆ ಪಂಪೂ ತಿರುಗುವುದಿಲ್ಲ. ಮುಂದಿನ ಚಕ್ರ ನೆಲದ ಮೇಲಿಟ್ಟು ಎಳೆದರೆ ಒಳಗಿನದೆಲ್ಲ ಎಣ್ಣೆಯಿಲ್ಲದೆ ಉಜ್ಜಿ ಹೋಗುತ್ತದೆ. ಎಷ್ಟು ಹೊತ್ತಾದರೂ ಸರಿ, ಇಡೀ ಕಾರನ್ನು ಮೇಲೇರಿಸಿಕೊಂಡು ಹೋಗುವ ಫ್ಲಾಟ್‌ಬೆಡ್ ಲಾರಿಯನ್ನೇ ಕರೆಸಿ.

ಇನ್ನೊಂದು ವರ್ಕ್‌ಶಾಪಿನಲ್ಲಿ ಬಿಚ್ಚಿದಾಗ ಎಣ್ಣೆಯಲ್ಲಿ ಲೋಹದ ಪುಡಿ ಮಿಂಚುತ್ತಿತ್ತು. ತಳದ ಮ್ಯಾಗ್ನೆಟ್ಟಿಗೆ ಕಪ್ಪು ಕೆಸರು ಮೆತ್ತಿಕೊಂಡಿತ್ತು. ಹೊಸ ಗೇರ್‌ಬಾಕ್ಸ್ ನಮ್ಮ ಕೈಗೆ ಎಟುಕದು. ಬೆಲ್ಟ್, ಪುಲ್ಲಿ ಬದಲಿಸಿ ರೀಬಿಲ್ಡ್ ಮಾಡಲು ಬೆಂಗಳೂರಿನಲ್ಲಿ ಸುಮಾರು ಅದರ ಅರ್ಧ ಕೇಳಿದ್ದಾರೆ. ಗುಜರಿಯಿಂದ ತಂದ ಹಳೆಯದು ಇನ್ನೂ ಅಗ್ಗ, ಆದರೆ ವಾರಂಟಿ ಇಲ್ಲ. ಅದು ಎಷ್ಟು ಓಡಿದೆ, ಅದಕ್ಕೆ ಯಾವ ಎಣ್ಣೆ ಹಾಕಿದ್ದರು ಅಂತ ಹೇಳುವವರೂ ಇಲ್ಲ. ನಾವು ರೀಬಿಲ್ಡ್‌ಗೇ ಒಪ್ಪಿದೆವು. ಇನ್ಶೂರೆನ್ಸ್‌ನಿಂದ ಬಿಡಿಗಾಸೂ ಬರಲಿಲ್ಲ. ಅಪಘಾತವಿಲ್ಲದೆ ಯಂತ್ರ ಕೆಟ್ಟರೆ ಮಾಮೂಲಿ ಪಾಲಿಸಿ ಕೊಡುವುದಿಲ್ಲ, ಝೀರೋ ಡೆಪ್ (ಬಿಡಿಭಾಗಗಳ ಸವಕಳಿ ಕಡಿತವಿಲ್ಲದ ಪಾಲಿಸಿ) ಇದ್ದರೂ ಅಷ್ಟೇ.

ಎಣ್ಣೆ ಬದಲಿಸುವಾಗ ಕ್ಯಾನಿನ ಸೀಲ್ ಒಡೆಯುವ ಹೊತ್ತಿಗೆ ಪಕ್ಕದಲ್ಲೇ ನಿಲ್ಲಿ. ಕ್ಯಾನಿನ ಫೋಟೊ ತೆಗೆಯಿರಿ. ಬಿಲ್ಲಿನಲ್ಲಿ ಎಣ್ಣೆಯ ಪೂರ್ತಿ ಹೆಸರು ಬರೆಸಿಕೊಳ್ಳಿ, ಸುಮ್ನೆ ‘ಗೇರ್ ಆಯಿಲ್’ ಅಂತ ಬರೆದರೆ ಸಾಲದು. ಬಿಲ್ ಕೊಡದಿರುವುದೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅನುಚಿತ ವ್ಯಾಪಾರವೇ.

ನಾವು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿದ್ದೇವೆ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇವೆ. ಹಾಸನದಲ್ಲೂ ಚಿಕ್ಕಮಗಳೂರಿನಲ್ಲೂ ಆಯೋಗ ಇದೆ. ಸರ್ವಿಸಿಗೆ ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ದೂರು ಕೊಡಬೇಕು. ಹಳೆಯ ಬಿಲ್ಲು, ಎರಡನೇ ವರ್ಕ್‌ಶಾಪಿನವರ ಲಿಖಿತ ವರದಿ, ಬಾಟಲಿಯಲ್ಲಿ ಸೀಲ್ ಮಾಡಿದ ಆ ಎಣ್ಣೆ ಮೂರನ್ನೂ ಇಟ್ಟುಕೊಂಡಿದ್ದೇವೆ. ನಿಮಗೂ ಹೀಗೇ ಆಗಿದ್ದರೆ, ಗೇರ್‌ಬಾಕ್ಸಿನಿಂದ ತೆಗೆದ ಎಣ್ಣೆಯನ್ನು ಚೆಲ್ಲಲು ಬಿಡಬೇಡಿ.